ಕಿಟಕಿ ಸೀಳಿದ್ದಕ್ಕೆ ಇಡೀ ಛಾವಣಿ ಬದಲಿಸಬೇಕಿಲ್ಲ

ಇಂಗ್ಲೆಂಡಿನ ಕವೆಂಟ್ರಿಗೆ ಬಂದು ಇನ್ನೂ ವರ್ಷ ತುಂಬದ ನೀವು ಮಡಚುವ ಛಾವಣಿಯ ಎರಡು ಸೀಟಿನ ಕಾರಾದ ಮಜ್ದಾ ಎಂಎಕ್ಸ್-5ರ ಮೊದಲ ಪೀಳಿಗೆಯ ಹಳೆಯ ಕಾರೊಂದನ್ನು ಕೊಂಡಿದ್ದೀರಿ. ಚಳಿಗಾಲದ ಬೆಳಿಗ್ಗೆ ಬಿಸಿಲು ಬಂತೆಂದು ಬಟ್ಟೆಯ ಛಾವಣಿಯನ್ನು ಮಡಚಿದಾಗ ಹಿಂದಿನ ಪ್ಲಾಸ್ಟಿಕ್ ಕಿಟಕಿ ಅಡ್ಡಲಾಗಿ ಸೀಳಿದೆ. ಹತ್ತಿರದ ಗ್ಯಾರೇಜಿನವರು ಇಡೀ ಛಾವಣಿಯನ್ನೇ ಬದಲಿಸಬೇಕು ಎಂದಿದ್ದಾರೆ. ಅದಕ್ಕೆ ತಗಲುವ ಹಣ ಕಾರಿನ ಬೆಲೆಯನ್ನೇ ಮುಟ್ಟುವಂತಿದೆ, ಇದಕ್ಕಿಂತ ಅಗ್ಗದ ದಾರಿ ಉಂಟೇ ಎಂದು ಕೇಳಿದ್ದೀರಿ. ಖಂಡಿತ ಉಂಟು. ಛಾವಣಿಯ ಬಟ್ಟೆ ಮತ್ತು ಹೊಲಿಗೆ ಗಟ್ಟಿಯಾಗಿದ್ದರೆ ಕಿಟಕಿಯನ್ನಷ್ಟೇ ಬದಲಿಸಿದರೆ ಸಾಕು. ಅದನ್ನು ಮಾಡುವವರು ಸಾಮಾನ್ಯ ಗ್ಯಾರೇಜಿನವರಲ್ಲ ಎಂಬುದನ್ನು ಈ ದೇಶಕ್ಕೆ ಹೊಸದಾಗಿ ಬಂದವರಿಗೆ ಯಾರೂ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ಇವತ್ತೇ ಮಳೆನೀರನ್ನು ತಡೆಯಿರಿ. ಸೀಳಿನ ಎರಡೂ ಬದಿಯನ್ನು ಸೋಪಿನ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಕಾರಿನದೇ ಹೀಟರನ್ನು ಹಾಕಿ ಪ್ಲಾಸ್ಟಿಕ್ ಸ್ವಲ್ಪ ಮೆತ್ತಗಾದ ಮೇಲೆ, ಅಂಚಿಗೆ ಅಂಚು ಕೂಡಿಸಿ ಒಳಗೂ ಹೊರಗೂ ಹವಾಮಾನ ತಡೆಯುವ ಪಾರದರ್ಶಕ ಟೇಪನ್ನು ಒತ್ತಿ ಹಚ್ಚಿರಿ. ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಅದು ಬೇಗ ಎದ್ದು ಬರುವುದಿಲ್ಲ. ಸೂಪರ್ ಗ್ಲೂ ಮಾತ್ರ ಮುಟ್ಟಬೇಡಿ, ಅದು ಒಣಗಿದ ಮೇಲೆ ಗಾಜಿನಂತೆ ಗಡುಸಾಗಿ ಪಕ್ಕದಲ್ಲೇ ಹೊಸ ಸೀಳು ಬರುತ್ತದೆ, ಸುತ್ತಲೂ ಬಿಳಿ ಮಂಜು ಕಟ್ಟುತ್ತದೆ. ಟೇಪು ಕೆಲವು ವಾರಗಳ ಮಟ್ಟಿಗಿನ ಪರಿಹಾರ. ಆ ವಾರಗಳಲ್ಲಿ ಛಾವಣಿಯನ್ನು ಮಡಚಲೇಬಾರದು.

ನೀರಿನ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಈ ಕಾರಿನಲ್ಲಿ ಛಾವಣಿಯ ಮೇಲೆ ಬಿದ್ದ ನೀರು ಸೀಟುಗಳ ಹಿಂದೆ ಎರಡು ಬದಿಯಲ್ಲಿರುವ ಕೊಳವೆಗಳ ಮೂಲಕ ಕೆಳಗೆ ಹರಿದುಹೋಗುತ್ತದೆ. ಆ ಕೊಳವೆಗಳಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್‌ನೊಳಗೆ ಸೇರಿ ಅದನ್ನು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ, ಮತ್ತು ಹಿಂಚಕ್ರದ ಮುಂದಿನ ಸಿಲ್ ಕೊಳೆತರೆ ಕಾರು ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ವರ್ಷಕ್ಕೊಮ್ಮೆಯ ಎಂಒಟಿ ಪರೀಕ್ಷೆಯಲ್ಲಿ ಕಾರು ನಪಾಸಾಗುತ್ತದೆ. ಅದರ ಬೆಸುಗೆಯ ಕೆಲಸ ಕಿಟಕಿಗಿಂತ ಬಹಳ ದುಬಾರಿ. ಒಂದು ಲೋಟ ನೀರನ್ನು ನಿಧಾನವಾಗಿ ಕೊಳವೆಯ ಬಾಯಿಗೆ ಸುರಿದು ನೋಡಿ, ಅದು ಹಿಂಚಕ್ರದ ಮುಂದೆ ಕಾರಿನಡಿಯಿಂದ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಮೆತ್ತನೆಯ, ಮೊನೆಯಿಲ್ಲದ ತಂತಿಯಿಂದ ಕಸವನ್ನು ತೆಗೆಯಿರಿ. ಎರಡೂ ಬದಿಯನ್ನು ನೋಡಿ.

ಇನ್ನು ದುರಸ್ತಿ ಮಾಡುವವರ ವಿಷಯ. ಇಂಗ್ಲೆಂಡಿನಲ್ಲಿ ಕಾರಿನ ಸೀಟು, ಛಾವಣಿ, ಒಳಬಟ್ಟೆ ಹೊಲಿಯುವವರನ್ನು ಟ್ರಿಮ್ಮರ್ ಎನ್ನುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಟಿನ ಕವರ್ ಹೊಲಿಯುವವರ ಕಸುಬೇ ಇದು, ಆದರೆ ಇಲ್ಲಿ ಅವರ ಅಂಗಡಿಗಳು ಬೀದಿಬದಿಯಲ್ಲಿ ಕಾಣುವುದಿಲ್ಲ, ಕೈಗಾರಿಕಾ ಶೆಡ್ಡುಗಳ ಸಾಲಿನೊಳಗೆ ಒಬ್ಬಿಬ್ಬರೇ ಕೂತು ಕೆಲಸ ಮಾಡುತ್ತಿರುತ್ತಾರೆ. ಸಾಮಾನ್ಯ ಗ್ಯಾರೇಜಿನಲ್ಲಿ ಹೊಲಿಯುವ ಯಂತ್ರವಿರುವುದಿಲ್ಲ, ಹಾಗಾಗಿ ಅವರಿಗೆ ತಿಳಿದಿರುವುದು ಇಡೀ ಛಾವಣಿಯನ್ನು ತರಿಸಿ ಬೋಲ್ಟು ಬಿಗಿಯುವುದಷ್ಟೇ, ಅದರಲ್ಲಿ ಮೋಸವೇನಿಲ್ಲ. ಟ್ರಿಮ್ಮರ್ ಸಿಗದಿದ್ದರೆ ದೋಣಿಗಳ ಮೇಲ್ಹೊದಿಕೆ ಹೊಲಿಯುವವರನ್ನು ಕೇಳಿ. ನೀವಿರುವ ಮಿಡ್‌ಲ್ಯಾಂಡ್ಸ್ ಕಾಲುವೆಗಳ ನಾಡು. ಕಾಲುವೆ ದೋಣಿಗಳ ಹಿಂಬದಿಯ ಮಡಚುವ ಹೊದಿಕೆಗೂ ಇದೇ ಪಾರದರ್ಶಕ ಪಿವಿಸಿ ಹಾಳೆಯನ್ನೇ ಬಳಸುತ್ತಾರೆ, ಮಳೆಯಲ್ಲೇ ಬದುಕುವ ಜನರಿಗಾಗಿ ಹೊಲಿಯುವವರ ಕೈಕೆಲಸ ಬಹಳ ಚೊಕ್ಕವಾಗಿರುತ್ತದೆ. ನನ್ನ ಮಟ್ಟಿಗೆ ಹಣ ಉಳಿಸಲು ಇದಕ್ಕಿಂತ ಒಳ್ಳೆಯ ಸುಳುಹು ಇನ್ನೊಂದಿಲ್ಲ.

ನಿಮ್ಮ ಕಾರಿನ ಅನುಕೂಲವೆಂದರೆ ಕಿಟಕಿಯ ಭಾಗ ಛಾವಣಿಗೆ ಜಿಪ್ಪಿನಿಂದ ಕೂಡಿಕೊಂಡಿದೆ. ಜಿಪ್ಪು ಸಮೇತ ತಯಾರಾದ ಬದಲಿ ಕಿಟಕಿ ಮಾರಾಟಕ್ಕೆ ಸಿಗುತ್ತದೆ, ಇಲ್ಲವಾದರೆ ಹಳೆಯ ಪ್ಲಾಸ್ಟಿಕ್ಕನ್ನು ಕತ್ತರಿಸಿ ಅದೇ ಚೌಕಟ್ಟಿಗೆ ಹೊಸ ಹಾಳೆ ಹೊಲಿಯಬಹುದು. ಹೊಲಿಸುವುದಾದರೆ ಹಾಳೆ ಮುಕ್ಕಾಲಿನಿಂದ ಒಂದು ಮಿಲಿಮೀಟರ್ ದಪ್ಪವಿರಲಿ, ದಾರ ಬಿಸಿಲಿಗೆ ಸವೆಯದ ಪಾಲಿಯೆಸ್ಟರ್ ಆಗಿರಲಿ, ಸೂಜಿಯ ತೂತುಗಳಿಗೆ ಸೀಲಂಟ್ ಹಚ್ಚುತ್ತಾರೆಯೇ ಎಂದು ಕೇಳಿ. ದರವನ್ನು ಬರಹದಲ್ಲೇ ಪಡೆಯಿರಿ. ಫೋನಿನಲ್ಲಿ ಹೇಳುವ ಮೊತ್ತಕ್ಕೆ ಶೇಕಡಾ 20ರಷ್ಟು ವ್ಯಾಟ್ ಸೇರಿದೆಯೋ ಇಲ್ಲವೋ ಎಂಬುದನ್ನು ಬಾಯಿಬಿಟ್ಟು ಕೇಳದಿದ್ದರೆ ಬಿಲ್ಲು ಬಂದಾಗ ಬೇಸರವಾಗುತ್ತದೆ. ಮೂವರನ್ನಾದರೂ ವಿಚಾರಿಸಿ, ಇಲ್ಲಿ ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ.

ಬಟ್ಟೆಯೇ ಸವೆದು ಮಡಿಕೆಗಳಲ್ಲಿ ಬೆಳಕು ಕಾಣುತ್ತಿದ್ದರೆ ಹೊಸ ಕಿಟಕಿಗೆ ಹಣ ಹಾಕುವುದು ವ್ಯರ್ಥ. ಆಗಲೂ ಹೊಸ ಛಾವಣಿಯೊಂದೇ ಗತಿಯಲ್ಲ. 1998ರಲ್ಲಿ ಬಂದ ಎರಡನೇ ಪೀಳಿಗೆಯ ಎಂಎಕ್ಸ್-5ಗೆ ಗಾಜಿನ ಹಿಂಗಿಟಕಿ ಇದೆ, ಅದರ ಛಾವಣಿ ಚೌಕಟ್ಟಿನ ಸಮೇತ ನಿಮ್ಮ ಕಾರಿಗೂ ಕೂರುತ್ತದೆ. ಕಾರು ಬಿಚ್ಚಿ ಬಿಡಿಭಾಗ ಮಾರುವವರಲ್ಲಿ ಒಳ್ಳೆಯ ಸ್ಥಿತಿಯದ್ದು ಸಿಕ್ಕರೆ ಬಿಡಬೇಡಿ, ಏಕೆಂದರೆ ಗಾಜು ಮಂಕಾಗುವುದಿಲ್ಲ, ಜಿಪ್ಪು ಬಿಚ್ಚುವ ಗೋಜೂ ಇಲ್ಲ. ಗಾಜನ್ನು ಬಿಸಿಮಾಡುವ ತಂತಿಗೆ ಮಾತ್ರ ನಿಮ್ಮ ಕಾರಿನಲ್ಲಿ ಸಂಪರ್ಕ ಇರದೆ ಹೋಗಬಹುದು.

ನಿಮ್ಮ ಗೆಳೆಯರ ಮಡಚುವ ಛಾವಣಿಯ ಕಾರು ಮಿನಿ ಕನ್ವರ್ಟಿಬಲ್‌ನಲ್ಲಿ ಹಿಂದಿನ ಗಾಜು ಬಟ್ಟೆಯಿಂದ ಬಿಟ್ಟುಕೊಂಡಿದೆ ಎಂದೂ ಬರೆದಿದ್ದೀರಿ. ಅದು ಅಂಟು ಸೋತ ತೊಂದರೆ, ವಿಂಡ್‌ಸ್ಕ್ರೀನ್ ಕೂರಿಸುವ ಯುರೆಥೇನ್ ಅಂಟಿನಿಂದ ಟ್ರಿಮ್ಮರ್ ಮತ್ತೆ ಕೂಡಿಸಬಲ್ಲ. ಗೆಳೆಯರು ತಾವಾಗಿ ಸಿಲಿಕೋನ್ ಹಚ್ಚದಂತೆ ತಡೆಯಿರಿ, ಅದರ ಜಿಡ್ಡಿನ ಮೇಲೆ ಆಮೇಲೆ ಯಾವ ಅಂಟೂ ಹಿಡಿಯುವುದಿಲ್ಲ.

ವಿಮೆಯ ಮೇಲೆ ಹೆಚ್ಚು ಭರವಸೆ ಇಡಬೇಡಿ. ಸಮಗ್ರ ವಿಮೆಯಲ್ಲಿ ಗಾಜಿಗೆ ರಕ್ಷಣೆ ಇದ್ದರೂ ಮಡಚುವ ಛಾವಣಿಯ ಕಿಟಕಿಯನ್ನು ಹೊರಗಿಡುವ ಪಾಲಿಸಿಗಳಿವೆ, ಹಳೆಯದಾಗಿ ಸೀಳಿದ್ದನ್ನು ಸವಕಳಿ ಎಂದೇ ಎಣಿಸುತ್ತಾರೆ. ನಿಮ್ಮ ಪಾಲಿಸಿಯ ಆ ಪುಟವನ್ನು ಓದಿ. ಸಾಮಾನ್ಯ ಕ್ಲೇಮ್ ಮಾಡಿದರೆ ಖರ್ಚಿನಲ್ಲಿ ಪಾಲಿಸಿ ಹೇಳಿದಷ್ಟು ಮೊದಲ ಭಾಗವನ್ನು ನೀವೇ ಕಟ್ಟಬೇಕು, ಈಗಷ್ಟೇ ಕೂಡಿಬರುತ್ತಿರುವ ನೋ ಕ್ಲೇಮ್ ಬೋನಸ್ಸೂ ಹೋಗಬಹುದು. ಕಾರನ್ನು ವ್ಯಾಪಾರಿಯಿಂದ ಕೊಂಡಿದ್ದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಮೊದಲ ಆರು ತಿಂಗಳಲ್ಲಿ ಕಂಡ ದೋಷ ಮಾರುವಾಗಲೇ ಇತ್ತೆಂದು ಭಾವಿಸಲಾಗುತ್ತದೆ, ಹಾಗಲ್ಲವೆಂದು ತೋರಿಸುವ ಹೊಣೆ ಅವರದು. ಆದರೆ ಇಷ್ಟು ಹಳೆಯ ಕಾರಿನ ಪ್ಲಾಸ್ಟಿಕ್ಕಿಗೆ ಅವರು ಸವಕಳಿಯ ಮಾತನ್ನೇ ಮುಂದಿಡುವುದು ಸಹಜ, ಆದರೂ ಸೌಜನ್ಯದಿಂದ ಪತ್ರ ಬರೆದು ಕೇಳುವುದರಲ್ಲಿ ನಷ್ಟವಿಲ್ಲ. ಖಾಸಗಿ ವ್ಯಕ್ತಿಯಿಂದ ಕೊಂಡಿದ್ದರೆ ಆ ದಾರಿ ಇಲ್ಲ.

ಹೊಸ ಕಿಟಕಿ ಬಂದ ಮೇಲೆ ಪ್ರತಿ ಸಲವೂ ಮೊದಲು ಜಿಪ್ಪು ಬಿಚ್ಚಿ, ಕಿಟಕಿಯನ್ನು ಹಿಂದೆ ಚಪ್ಪಟೆಯಾಗಿ ಮಲಗಿಸಿ, ಅದರ ಮೇಲೊಂದು ಮೆತ್ತನೆಯ ಟವೆಲ್ ಹಾಸಿ, ಆಮೇಲೆ ಛಾವಣಿಯನ್ನು ಇಳಿಸಿ. ಚಳಿಯಲ್ಲಿ ಪಿವಿಸಿ ಬಿರುಸಾಗುವುದರಿಂದ ಹಿಮ ಬಿದ್ದ ಬೆಳಿಗ್ಗೆ ಎಷ್ಟೇ ಬಿಸಿಲಿದ್ದರೂ ಅದನ್ನು ಮುಟ್ಟಬೇಡಿ, ಮೇಲಿನ ಮಂಜುಗಡ್ಡೆಯನ್ನು ಕೆರೆಯಲೂ ಬೇಡಿ.

ಸೀಳಿನದ್ದು, ಜಿಪ್ಪಿನದ್ದು ಮತ್ತು ಬಟ್ಟೆಯ ಮಡಿಕೆಯದ್ದು ಒಂದೊಂದು ಫೋಟೊ ಕಳಿಸಿ. ಕಿಟಕಿ ಮಾತ್ರ ಸಾಕೇ, ಛಾವಣಿ ಹುಡುಕಬೇಕೇ ಎಂಬುದನ್ನು ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಗ್ಯಾರೇಜಿನವರಿಗೆ ಮುಂಗಡ ಕೊಡಬೇಡಿ.