ಲಕ್ವ ಹೊಡೆದು ಐದು ತಿಂಗಳಾದ ಮೇಲೂ ಕೈ ಸುಧಾರಿಸುತ್ತದೆಯೇ?

ಮಂಡ್ಯದಲ್ಲಿರುವ ನಿಮ್ಮ ತಂದೆ ಕೋಲು ಹಿಡಿದು ನಡೆಯುತ್ತಾರೆ, ಬಲಗೈ ಮಾತ್ರ ಹಿಡಿತಕ್ಕೆ ಬಂದಿಲ್ಲ, ಫಿಸಿಯೋಥೆರಪಿ ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ನಿಲ್ಲಿಸಬೇಡಿ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ ಎಂಬುದು ನಿಜ. ಆಮೇಲೆ ಏನೂ ಆಗದು ಎಂಬುದು ಸುಳ್ಳು.

ಕೆಟ್ಟಿರುವುದು ಕೈಯಲ್ಲ, ಮಿದುಳಿನಲ್ಲಿ ಅದನ್ನು ಆಡಿಸುವ ಭಾಗ. ಸತ್ತ ಜೀವಕೋಶಗಳು ಮರಳುವುದಿಲ್ಲ. ಉಳಿದ ಭಾಗಗಳು ಆ ಕೆಲಸವನ್ನು ಅಷ್ಟಿಷ್ಟು ಕಲಿಯುತ್ತವೆ, ಅದೂ ರೋಗಿ ತಾನೇ ಪ್ರಯತ್ನಿಸಿದಾಗ. ಎಣ್ಣೆ ನೀವಿಸಿಕೊಂಡರೆ ಹಿತವೆನಿಸೀತು, ಕಲಿಕೆ ಆಗದು.

ಬೆರಳು, ಮಣಿಕಟ್ಟು ತುಸುವಾದರೂ ತಾವಾಗಿ ಬಿಚ್ಚುತ್ತಿದ್ದರೆ, ಚೆನ್ನಾಗಿರುವ ಕೈಗೆ ಗವಸು ತೊಡಿಸಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆಯಿದೆ. 2006ರಲ್ಲಿ ಪ್ರಕಟವಾದ ಅಮೆರಿಕದ ಎಕ್ಸೈಟ್ ಅಧ್ಯಯನದಲ್ಲಿ, ಪಾರ್ಶ್ವವಾಯುವಾಗಿ 3ರಿಂದ 9 ತಿಂಗಳಾಗಿದ್ದವರು ಎರಡು ವಾರದ ಇಂಥ ಅಭ್ಯಾಸದಿಂದ ಸುಧಾರಿಸಿದರು. ವರ್ಷದ ನಂತರವೂ ಆ ಲಾಭ ಉಳಿದಿತ್ತು. ಥೆರಪಿಸ್ಟ್ ಒಪ್ಪಿದರೆ ಮಾತ್ರ ಮಾಡಿ. ನಿಮ್ಮ ತಂದೆ ಕೋಲು ಹಿಡಿಯುವವರು, ನಡೆಯುವಾಗ ಗವಸು ಬೇಡ, ಬಿದ್ದಾರು.

ದಿನವಿಡೀ ರಬ್ಬರ್ ಚೆಂಡು ಹಿಸುಕಿಸುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. ಮುಷ್ಟಿ ಮೊದಲೇ ಬಿಗಿದಿರುತ್ತದೆ, ಬಿಚ್ಚುವುದೇ ಕಷ್ಟ. ಲೋಟ ಹಿಡಿದು ಬಿಡುವುದು, ಮುದ್ದೆ ಮುರಿಯುವುದು, ನೆನೆಸಿದ ಅವರೆಕಾಳು ಹಿತಕುವುದು ಮೇಲು. (ನಮ್ಮ ಕಡೆಯವರಿಗೆ ಇದಕ್ಕಿಂತ ರುಚಿಯಾದ ವ್ಯಾಯಾಮ ಸಿಗದು.)

ಬೆರಳು ಸ್ವಲ್ಪವೂ ಅಲುಗದಿದ್ದರೆ ಪೂರ್ತಿ ಸುಧಾರಣೆಯ ಸಾಧ್ಯತೆ ಕಡಿಮೆ. ಆಗ ವಿದ್ಯುತ್ ಪ್ರಚೋದನೆ (ಸಣ್ಣ ಪ್ರಮಾಣದ ವಿದ್ಯುತ್ತಿನಿಂದ ಸ್ನಾಯು ಆಡಿಸುವುದು), ಕನ್ನಡಿ ಚಿಕಿತ್ಸೆಯ (ಚೆನ್ನಾಗಿರುವ ಕೈಯ ಚಲನೆಯನ್ನು ಕನ್ನಡಿಯಲ್ಲಿ ನೋಡುತ್ತ ಸೋತ ಕೈ ಆಡಿಸಲು ಯತ್ನಿಸುವುದು) ಬಗ್ಗೆ ವಿಚಾರಿಸಿ. ಏನೇ ಆಗಲಿ, ಸೋತ ತೋಳನ್ನು ಹಿಡಿದೆಳೆದು ಅವರನ್ನು ಎಬ್ಬಿಸಬೇಡಿ; ಭುಜದ ಕೀಲು ಜಾರುತ್ತದೆ.