ಎರಡು ಬೆಡ್‌ರೂಮು, ನಾಲ್ಕು ಜನ: ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯ ತಲೆ ಲೆಕ್ಕ

ತಮ್ಮಾ,

ನೀನು ಕೇಳಿದ್ದು ಇಷ್ಟು. ದಾವಣಗೆರೆಯಿಂದ ಮೂವರು, ಹರಿಹರದಿಂದ ಒಬ್ಬ, ಒಟ್ಟು ನಾಲ್ವರು ಹುಡುಗರು ಎಂಎಸ್ಸಿ ಓದೋಕೆ ಲೆಸ್ಟರ್‌ಗೆ ಬರ್ತಿದ್ದೀರಿ. ಎರಡು ಬೆಡ್‌ರೂಮಿನ ಮನೆ ನೋಡಿದ್ದೀರಿ, ತಿಂಗಳಿಗೆ 1,000 ಪೌಂಡ್. ಓನರ್ "ಅಗ್ರಿಮೆಂಟಿಗೆ ಇಬ್ಬರ ಹೆಸರು ಸಾಕು, ಉಳಿದ ಇಬ್ಬರು ಗೆಸ್ಟ್ ಅಂತ ಇದ್ದುಬಿಡಲಿ" ಅಂದಿದ್ದಾನೆ. ಹಂಗೆ ಇರಬಹುದಾ, ಮುಂದೆ ಅಪ್ಪ-ಅಮ್ಮ ಬಂದರೆ ಅದೇ ಮನೆಯಲ್ಲಿ ಉಳಿಸಿಕೊಳ್ಳಬಹುದಾ ಅನ್ನೋದು ನಿನ್ನ ಪ್ರಶ್ನೆ.

ನಾಲ್ವರು ಇರಬಹುದೋ ಇಲ್ಲವೋ ಅನ್ನೋದು ಮನೆಯ ಅಳತೆ ಮತ್ತು ಓನರ್ ಕೌನ್ಸಿಲ್‌ನಿಂದ (ಇಲ್ಲಿನ ನಗರಸಭೆ) ಪಡೆಯೋ ಲೈಸೆನ್ಸ್ ನೋಡಿ ಹೇಳಬೇಕಾದ ಮಾತು. ಹೆಸರಿಲ್ಲದೆ ಇಬ್ಬರು ಇರೋದಕ್ಕೆ ಮಾತ್ರ ಈಗಲೇ ಬೇಡ ಅಂತೀನಿ.

ನಮ್ಮ ವಿದ್ಯಾನಗರದ ಪಿಜಿಗಳಲ್ಲಿ ಒಂದು ರೂಮಿಗೆ ಮೂರು ಮಂಚ ಹಾಕೋದೋ ನಾಲ್ಕು ಹಾಕೋದೋ ಅನ್ನೋದು ನಡೆಸೋರಿಗೆ ಬಿಟ್ಟಿದ್ದು. ಇಲ್ಲಿ ಅದಕ್ಕೆ ಎರಡು ಬೇರೆ ಬೇರೆ ಕಾನೂನಿನ ಲೆಕ್ಕ ಇದೆ. ಜನ ಎರಡನ್ನೂ ಕಲಸಿ ಮಾತಾಡ್ತಾರೆ, ಗೊಂದಲ ಅಲ್ಲೇ ಶುರುವಾಗುತ್ತೆ.

ಮೊದಲನೇದು 1985ರ ಹೌಸಿಂಗ್ ಆ್ಯಕ್ಟ್. ಮನೆಯಲ್ಲಿ ಜನ ಕಿಕ್ಕಿರಿದಿದ್ದಾರೋ ಇಲ್ಲವೋ ಅನ್ನೋದನ್ನ ಇದು ಎರಡು ರೀತಿ ನೋಡುತ್ತೆ. ಒಂದು, ಗಂಡ-ಹೆಂಡತಿ ಅಥವಾ ಹಂಗೇ ಜೊತೆಗಿರೋ ಜೋಡಿ ಬಿಟ್ಟರೆ, 10 ವರ್ಷ ತುಂಬಿದ ಗಂಡು-ಹೆಣ್ಣು ಒಂದೇ ರೂಮಿನಲ್ಲಿ ಮಲಗಬೇಕಾದ ಪರಿಸ್ಥಿತಿ ಇರಬಾರದು. ನಾಲ್ವರೂ ಹುಡುಗರು ಅಂದಮೇಲೆ ನಿಮಗೆ ಇದರ ತಕರಾರಿಲ್ಲ. ಇನ್ನೊಂದು ಜಾಗದ ಲೆಕ್ಕ. ಬೆಡ್‌ರೂಮಷ್ಟೇ ಅಲ್ಲ, ಹಾಲ್ ಕೂಡ ಮಲಗೋ ಕೋಣೆ ಅಂತಲೇ ಎಣಿಕೆಗೆ ಬರುತ್ತೆ. ಒಂದು ಕೋಣೆ ಇದ್ದರೆ 2 ಜನ, ಎರಡಕ್ಕೆ 3, ಮೂರಕ್ಕೆ 5, ನಾಲ್ಕಕ್ಕೆ ಏಳೂವರೆ, ಐದು ಅಥವಾ ಹೆಚ್ಚಿದ್ದರೆ ಕೋಣೆಗೆ ಇಬ್ಬರಂತೆ. ಏಳೂವರೆ ಅಂದ್ರೆ ನಗಬೇಡ. 1ರಿಂದ 10 ವರ್ಷದೊಳಗಿನ ಮಗು ಅರ್ಧ ಲೆಕ್ಕ, ವರ್ಷ ತುಂಬದ ಕೂಸು ಲೆಕ್ಕಕ್ಕೇ ಇಲ್ಲ.

ಅದರ ಜೊತೆಗೆ ಅಳತೆಯನ್ನೂ ನೋಡ್ತಾರೆ. 110 ಚದರಡಿ ಮೇಲಿದ್ದರೆ ಆ ಕೋಣೆಗೆ 2 ಜನ, 90ರಿಂದ 110 ಇದ್ದರೆ ಒಂದೂವರೆ, 70ರಿಂದ 90ಕ್ಕೆ ಒಬ್ಬ, 50ರಿಂದ 70ಕ್ಕೆ ಅರ್ಧ. 50ಕ್ಕಿಂತ ಕಡಿಮೆ ಇದ್ದರೆ ಅದು ಕೋಣೆಯೇ ಅಲ್ಲ. ಎರಡು ಲೆಕ್ಕದಲ್ಲಿ ಯಾವುದು ಕಡಿಮೆ ಬರುತ್ತೋ ಅದೇ ಮಿತಿ.

ನಿನ್ನ ಮನೆಯಂಥದ್ದಕ್ಕೆ ಹಾಕಿ ನೋಡೋಣ. ದೊಡ್ಡ ಬೆಡ್‌ರೂಮು 12×10, ಅಂದರೆ 120 ಚದರಡಿ, ಇಬ್ಬರು. ಚಿಕ್ಕದು 9×8, 72 ಚದರಡಿ, ಒಬ್ಬ. ಹಾಲ್ 14×11, 154 ಚದರಡಿ, ಇಬ್ಬರು. ಒಟ್ಟು 5. ಮೂರು ಕೋಣೆಯ ಲೆಕ್ಕದಲ್ಲೂ 5. ಅಲ್ಲಿಗೆ ಈ ಕಾನೂನಿನ ಪ್ರಕಾರ ನಾಲ್ವರು ಆರಾಮ. ಓನರ್‌ಗಳು ಹೇಳೋದು ಇಷ್ಟನ್ನೇ. ಇದು ಬಹಳ ಹಳೇ ಕಾಲದ, ಬಹಳ ಸಡಿಲವಾದ ಅಳತೆ ಅನ್ನೋದನ್ನ ಮಾತ್ರ ಹೇಳಲ್ಲ.

ನಿಮಗೆ ಬಿಗಿಯಾಗೋದು ಎರಡನೇ ಲೆಕ್ಕ, ಎಚ್‌ಎಂಒ, ಅಂದರೆ ಹೌಸ್ ಇನ್ ಮಲ್ಟಿಪಲ್ ಆಕ್ಯುಪೇಶನ್, ಹಲವು ಕುಟುಂಬ ಹಂಚಿಕೊಂಡಿರೋ ಮನೆ. ಮೂರು ಅಥವಾ ಹೆಚ್ಚು ಜನ, ಒಂದಕ್ಕಿಂತ ಹೆಚ್ಚು ಕುಟುಂಬದೋರು, ಅಡುಗೆಮನೆ ಇಲ್ಲವೇ ಬಚ್ಚಲು-ಟಾಯ್ಲೆಟ್ ಹಂಚಿಕೊಂಡಿದ್ದರೆ ಆ ಮನೆ ಎಚ್‌ಎಂಒ ಆಗುತ್ತೆ. ಗೆಳೆಯರು ಎಷ್ಟೇ ಒಂದೇ ತಟ್ಟೆಯಲ್ಲಿ ಉಂಡರೂ ಇಲ್ಲಿ ಒಬ್ಬೊಬ್ಬರೂ ಒಂದೊಂದು ಕುಟುಂಬ. ನೀವು ನಾಲ್ವರು ಅಂದರೆ ನಾಲ್ಕು ಕುಟುಂಬ. ಓನರ್ ಇಬ್ಬರ ಹೆಸರು ಮಾತ್ರ ಯಾಕೆ ಬರೀತಾನೆ ಅಂತ ಈಗ ಗೊತ್ತಾಯ್ತಲ್ಲ? ಕಾಗದದಲ್ಲಿ ಇಬ್ಬರೇ ಇದ್ದರೆ ಮನೆ ಎಚ್‌ಎಂಒ ಅನ್ನಿಸಿಕೊಳ್ಳಲ್ಲ.

ಐವರು ಅಥವಾ ಹೆಚ್ಚು ಜನ ಇದ್ದರೆ ಇಂಗ್ಲೆಂಡಿನ ಯಾವ ಊರಲ್ಲಾದರೂ ಓನರ್ ಲೈಸೆನ್ಸ್ ತಗೊಳ್ಳಲೇಬೇಕು. ಮೊದಲು ಮೂರು ಮಹಡಿ ಮನೆಗಷ್ಟೇ ಇದ್ದ ನಿಯಮ, 2018ರ ಅಕ್ಟೋಬರ್ 1ರಿಂದ ಮಹಡಿ ಲೆಕ್ಕ ಹೋಯ್ತು. ಮೂವರು ನಾಲ್ವರು ಇರೋ ಮನೆಗೆ ಲೈಸೆನ್ಸ್ ಬೇಕಾ ಅನ್ನೋದನ್ನ ಆಯಾ ಕೌನ್ಸಿಲ್ ತೀರ್ಮಾನ ಮಾಡುತ್ತೆ. ಒಂದೇ ಊರಲ್ಲಿ ಒಂದು ವಾರ್ಡಿಗೆ ಬೇಕು, ಪಕ್ಕದ ವಾರ್ಡಿಗೆ ಬೇಡ ಅನ್ನೋದೂ ಉಂಟು. ಹಾಗಾಗಿ ಮನೆಯ ಪೋಸ್ಟ್‌ಕೋಡ್ ಹಿಡಿದುಕೊಂಡು ಲೆಸ್ಟರ್ ಸಿಟಿ ಕೌನ್ಸಿಲ್‌ನ ಹೌಸಿಂಗ್ ವಿಭಾಗಕ್ಕೆ ಒಂದು ಮೇಲ್ ಹಾಕು: ಈ ವಿಳಾಸದಲ್ಲಿ ಸಂಬಂಧಿಕರಲ್ಲದ ನಾಲ್ವರು ಇರೋಕೆ ಲೈಸೆನ್ಸ್ ಬೇಕಾ, ಇದ್ದರೆ ಎಷ್ಟು ಜನಕ್ಕೆ ಕೊಟ್ಟಿದ್ದೀರಿ ಅಂತ. ಲೈಸೆನ್ಸ್ ಪಟ್ಟಿಯನ್ನ ಪ್ರತಿ ಕೌನ್ಸಿಲ್ ಸಾರ್ವಜನಿಕವಾಗಿ ಇಡಲೇಬೇಕು, ಗರಿಷ್ಠ ಎಷ್ಟು ಜನ ಅನ್ನೋದು ಅದರಲ್ಲೇ ಇರುತ್ತೆ.

ಲೈಸೆನ್ಸ್ ಇರೋ ಮನೆಯಲ್ಲಿ ಮಲಗೋ ರೂಮಿನ ಕನಿಷ್ಠ ಅಳತೆ ಹೀಗೆ: 10 ವರ್ಷ ಮೀರಿದ ಒಬ್ಬರಿಗೆ 6.51 ಚದರ ಮೀಟರ್, ಇಬ್ಬರಿಗೆ 10.22, 10ರೊಳಗಿನ ಒಂದು ಮಗುವಿಗೆ 4.64. ಪಾಯಿಂಟ್ ಲೆಕ್ಕ ವಿಚಿತ್ರ ಅನ್ನಿಸಬಹುದು. ಅಡಿಗೆ ತಿರುಗಿಸಿದರೆ 70, 110, 50. ಮೇಲಿನ ಹಳೇ ಅಂಕಿಗಳೇ ಮೀಟರ್ ಅಂಗಿ ಹಾಕಿಕೊಂಡು ಬಂದಿವೆ, ಅಷ್ಟೇ. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಹೇಳೋದಾದರೆ ಒಬ್ಬನಿಗೆ ಮುಕ್ಕಾಲು ಚದರವೂ ಇಲ್ಲ. ಆದರೆ ಇಲ್ಲಿ ಅರ್ಧ, ಒಂದೂವರೆ ಅನ್ನೋ ಸಡಿಲ ಇಲ್ಲ, ಹಾಲಿನ ಜಾಗವನ್ನ ರೂಮಿಗೆ ಸೇರಿಸೋ ಹಾಗೂ ಇಲ್ಲ. ಒಂದೊಂದು ರೂಮೂ ತನ್ನ ಕಾಲ ಮೇಲೆ ನಿಲ್ಲಬೇಕು. ಇದು ಕನಿಷ್ಠ ಮಾತ್ರ, ಕೌನ್ಸಿಲ್ ಇದಕ್ಕಿಂತ ಹೆಚ್ಚು ಕೇಳಬಹುದು. ಹಾಲನ್ನ ಬೆಡ್‌ರೂಮ್ ಮಾಡಿದರೆ ಎಲ್ಲರೂ ಕೂರೋಕೆ ಬೇರೆ ಜಾಗ ಎಲ್ಲಿ ಅಂತ ಕೇಳೋ ಕೌನ್ಸಿಲ್‌ಗಳೂ ಇವೆ. ನಾಲ್ವರ ಯೋಜನೆ ಬಹಳ ಸಲ ಬಿದ್ದುಹೋಗೋದು ಇಲ್ಲೇ.

ಅಟ್ಟದ ರೂಮಿನ ಬಗ್ಗೆ ಹುಷಾರು. ಇಳಿಜಾರು ಸೂರಿನ ಕೆಳಗೆ ಎತ್ತರ 1.5 ಮೀಟರ್‌ಗಿಂತ ಕಡಿಮೆ ಇರೋ ನೆಲ ಅಳತೆಗೆ ಬರಲ್ಲ. 12×10 ಅಂತ ಜಾಹೀರಾತಿನಲ್ಲಿದ್ದ ರೂಮಿನ ಒಂದು ಬದಿಯಲ್ಲಿ ಉದ್ದಕ್ಕೂ 3 ಅಡಿ ಸೂರು ತಗ್ಗಿದ್ದರೆ ಉಳಿಯೋದು 12×7, ಅಂದರೆ 84 ಚದರಡಿ. ಇಬ್ಬರ ರೂಮು ಅಲ್ಲಿಗೆ ಒಬ್ಬರ ರೂಮಾಯ್ತು. ವಿಡಿಯೋ ಕಾಲ್‌ನಲ್ಲಿ ಮನೆ ತೋರಿಸುವಾಗ ಟೇಪು ಹಿಡಿದು ತೋರಿಸಿ ಅಂತ ಕೇಳು. ನುಣುಚಿಕೊಂಡರೆ ಅರ್ಥ ಮಾಡಿಕೋ.

ಈಗ ಆ ಗೆಸ್ಟ್ ವಿಚಾರ. ಇಂಗ್ಲೆಂಡಿನಲ್ಲಿ ಮನೆಯಲ್ಲಿ ವಾಸ ಮಾಡೋ 18 ದಾಟಿದ ಪ್ರತಿಯೊಬ್ಬರ ರೈಟ್ ಟು ರೆಂಟ್ ಅನ್ನ, ಅಂದರೆ ಇಲ್ಲಿ ಬಾಡಿಗೆಗಿರೋ ಹಕ್ಕನ್ನ, ಓನರ್ ಪರೀಕ್ಷೆ ಮಾಡಬೇಕು, ಅಗ್ರಿಮೆಂಟಲ್ಲಿ ಹೆಸರಿರಲಿ ಬಿಡಲಿ. ಅವನು ಅದನ್ನ ಆನ್‌ಲೈನ್‌ನಲ್ಲಿ ನೋಡೋಕೆ ನಿನ್ನ ಇ-ವೀಸಾ (ಆನ್‌ಲೈನ್ ವೀಸಾ ದಾಖಲೆ) ಖಾತೆಯಿಂದ ಒಂದು ಶೇರ್ ಕೋಡ್ ತೆಗೆದುಕೊಡಬೇಕು. 9 ಅಕ್ಷರ-ಅಂಕಿ ಇರುತ್ತೆ, 90 ದಿನ ನಡೆಯುತ್ತೆ. ಕೆಲಸಕ್ಕೆ ತೆಗೆದ ಕೋಡ್ ಮನೆಗೆ ಕೊಡಬೇಡ, ಬಾಡಿಗೆಗೆ ಅಂತಲೇ ಬೇರೆ ತೆಗೀಬೇಕು. ಹಾಗಿರುವಾಗ ಇಬ್ಬರನ್ನ ಗೆಸ್ಟ್ ಅಂತ ಮರೆಮಾಚೋದು ಓನರ್ ತನ್ನ ತಲೆ ಉಳಿಸಿಕೊಳ್ಳೋ ಉಪಾಯ, ನಷ್ಟ ನಿಮ್ಮದು. ಹೆಸರಿಲ್ಲದ ಇಬ್ಬರಿಗೆ ಬ್ಯಾಂಕ್ ಖಾತೆ ತೆರೆಯೋಕೆ ವಿಳಾಸದ ದಾಖಲೆ ಸಿಗೋದು ಕಷ್ಟ, ಕೊಟ್ಟ ಅಡ್ವಾನ್ಸ್‌ಗೆ ರಸೀದಿ ಇರಲ್ಲ. ಹೆಸರಿರೋ ಇಬ್ಬರಿಗೆ ಇನ್ನೊಂದು ತಲೆನೋವು: ಮಿತಿಮೀರಿ ಜನ ತುಂಬಿಸಿಕೊಂಡರೆ 1985ರ ಕಾನೂನಿನಲ್ಲಿ ಓನರ್ ಅಷ್ಟೇ ಅಲ್ಲ, ಮನೆ ಹಿಡಿದವನೂ ತಪ್ಪಿತಸ್ಥ. ಮೇಲಾಗಿ ಪೂರ್ತಿ ಬಾಡಿಗೆಗೆ ಕಾಗದದಲ್ಲಿ ಆ ಇಬ್ಬರೇ ಹೊಣೆ. ನಾಲ್ವರ ಹೆಸರೂ ಇರೋ ಜಂಟಿ ಅಗ್ರಿಮೆಂಟ್‌ನಲ್ಲೂ ಒಬ್ಬ ಕೈಕೊಟ್ಟರೆ ಉಳಿದ ಮೂವರು ತುಂಬಬೇಕು, ಅದನ್ನ ಮೊದಲೇ ಮಾತಾಡಿಕೊಳ್ಳಿ.

ಅಡ್ವಾನ್ಸ್ ನಮ್ಮೂರ ಹಾಗೆ ಹತ್ತು ತಿಂಗಳದ್ದಲ್ಲ. ವರ್ಷದ ಬಾಡಿಗೆ 50,000 ಪೌಂಡ್ ಒಳಗಿದ್ದರೆ ಐದು ವಾರದ ಬಾಡಿಗೆ ಮೀರುವಂತಿಲ್ಲ. ನಿಮ್ಮ ಮನೆಗೆ 12,000ವನ್ನ 52ರಿಂದ ಭಾಗಿಸಿ 5ರಿಂದ ಗುಣಿಸು, 1,153 ಪೌಂಡ್ ಚಿಲ್ಲರೆ. ಮನೆ ಹಿಡಿದಿಡೋಕೆ ಅಂತ ಮೊದಲು ಕೇಳೋ ಹಣ ಒಂದು ವಾರದ ಬಾಡಿಗೆ, 230 ಚಿಲ್ಲರೆ. ಅಡ್ವಾನ್ಸ್ ತಗೊಂಡ 30 ದಿನದೊಳಗೆ ಸರ್ಕಾರ ಒಪ್ಪಿದ ಮೂರು ಯೋಜನೆಗಳಲ್ಲಿ ಒಂದರಲ್ಲಿ ಓನರ್ ಅದನ್ನ ಭದ್ರ ಮಾಡಿ ನಿಮಗೆ ವಿವರ ಕೊಡಬೇಕು. ಕ್ಯಾಶ್ ಕೊಡಬೇಡಿ. ಬ್ಯಾಂಕಿನಿಂದಲೇ ಕಳಿಸಿ, ಯಾಕಂದ್ರೆ ಲೈಸೆನ್ಸ್ ಬೇಕಿದ್ದೂ ತಗೊಳ್ಳದ ಓನರ್‌ನಿಂದ ಕಟ್ಟಿದ ಬಾಡಿಗೆ ವಾಪಸ್ ಕೇಳೋಕೆ ಟ್ರಿಬ್ಯೂನಲ್‌ಗೆ ಹೋಗಬಹುದು, ಆಗ ಕಟ್ಟಿದ್ದಕ್ಕೆ ಸಾಕ್ಷಿ ಬೇಕು.

ಕೌನ್ಸಿಲ್ ಟ್ಯಾಕ್ಸ್ (ಮನೆಯಲ್ಲಿ ವಾಸ ಇರೋರು ಕೌನ್ಸಿಲ್‌ಗೆ ಕಟ್ಟೋ ತೆರಿಗೆ) ಬಗ್ಗೆ ಒಂದೇ ಮಾತು: ಮನೆಯಲ್ಲಿ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ ಇಲ್ಲ. ಓದು ಮುಗಿಸಿ ಕೆಲಸಕ್ಕೆ ಸೇರಿದ ಒಬ್ಬ ಗೆಳೆಯನನ್ನ ಸೇರಿಸಿಕೊಂಡರೂ ಬಿಲ್ ಬರುತ್ತೆ, 25 ಪರ್ಸೆಂಟ್ ಕಡಿತದೊಂದಿಗೆ.

ಜಾಗದ ನಿಯಮ ಬರೀ ಕಾಗದದ ಕಾಟ ಅನ್ಕೋಬೇಡ. ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಚಿಕ್ಕ ರೂಮಲ್ಲಿ ಇಬ್ಬರ ಉಸಿರು, ರೇಡಿಯೇಟರ್ ಮೇಲೆ ಒಣಹಾಕಿದ ಒದ್ದೆ ಬಟ್ಟೆ, ಕುಕ್ಕರಿನ ಹಬೆ ಎಲ್ಲ ಸೇರಿ ತಣ್ಣನೆ ಗೋಡೆ ಮೇಲೆ ನೀರಾಗಿ ಕೂರುತ್ತೆ. ಕೆಲವೇ ವಾರದಲ್ಲಿ ಬೀರು ಹಿಂದೆ ಕಪ್ಪು ಬೂಸ್ಟು. ಮಂಚವನ್ನ ಹೊರಗೋಡೆಯಿಂದ ಒಂದು ಗೇಣು ದೂರ ಇಡಿ, ಅಡುಗೆ ಮಾಡುವಾಗ ಎಕ್ಸಾಸ್ಟ್ ಫ್ಯಾನ್ ಹಾಕಿ. ಪ್ರತಿ ಮಹಡಿಯಲ್ಲೂ ಹೊಗೆ ಅಲಾರಂ ಇರಬೇಕು. ದೋಸೆ ಹಂಚಿನ ಹೊಗೆಗೆ ಕಿರುಚುತ್ತೆ ಅಂತ ಅದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟೋ ಹುಡುಗರಿದ್ದಾರೆ. ಹಾಲಿನಲ್ಲಿ ಒಬ್ಬ ಮಲಗಿರೋ ಮನೆಯಲ್ಲಿ ಅದು ಶುದ್ಧ ಹುಚ್ಚುತನ.

ಅಪ್ಪ-ಅಮ್ಮ ಬರೋ ವಿಚಾರ. ಕುಟುಂಬದೋರು ತಾತ್ಕಾಲಿಕವಾಗಿ ಬಂದು ಮಲಗಿದ್ದರಿಂದಷ್ಟೇ ಮನೆ ಕಿಕ್ಕಿರಿದರೆ 1985ರ ಕಾನೂನು ಅದನ್ನ ನಿನ್ನ ತಪ್ಪು ಅಂತ ಎಣಿಸಲ್ಲ. ಆದರೆ ಲೈಸೆನ್ಸ್‌ನಲ್ಲಿ ನಿನ್ನ ರೂಮು ಒಬ್ಬರಿಗೆ ಅಂತಿದ್ದರೆ ತಿಂಗಳುಗಟ್ಟಲೆ ಮೂವರು ಇರೋದು ಆಗದ ಮಾತು, ಅಗ್ರಿಮೆಂಟಲ್ಲೂ ಅತಿಥಿಗಳು ಎಷ್ಟು ರಾತ್ರಿ ಅಂತ ಬರೆದಿರಬಹುದು. ಎರಡು ವಾರಕ್ಕಾದರೆ ಓನರ್‌ಗೆ ಮೇಲ್ ಹಾಕಿ ಲಿಖಿತ ಒಪ್ಪಿಗೆ ತಗೋ. ಹೆಚ್ಚು ದಿನಕ್ಕಾದರೆ ಹತ್ತಿರದಲ್ಲೇ ಬೇರೆ ರೂಮು ಹಿಡಿ.

ಇನ್ನು ನಿನ್ನ ಹರಿಹರದ ಗೆಳೆಯ ಗ್ಲಾಸ್ಗೋ ಕಡೆಗೂ ನೋಡ್ತಿದ್ದಾನೆ ಅಂದೆಯಲ್ಲ, ಅವನಿಗೆ ಈ ಲೆಕ್ಕ ಹೇಳಬೇಡ. ಸ್ಕಾಟ್ಲೆಂಡ್‌ನಲ್ಲಿ ಸಂಬಂಧಿಕರಲ್ಲದ ಮೂವರು ಸೇರಿದರೇ ಲೈಸೆನ್ಸ್ ಬೇಕು, ರೈಟ್ ಟು ರೆಂಟ್ ಪರೀಕ್ಷೆ ಅಲ್ಲಿಲ್ಲ.