ಲೇಖನ ವಾಪಸ್ ಕಳಿಸುತ್ತಿದ್ದೇನೆ, ರೇಷ್ಮೆ ಹುಳುಮನೆ ಸೇರಿಸಿ ಬರೆಯಿರಿ

ನಮಸ್ಕಾರ. ನಿಮ್ಮ ‘ನೆರವು ಬೇಡ, ವ್ಯಾಪಾರ ಬೇಕು’ ಲೇಖನ ಓದಿದೆ. ಬಡ ದೇಶಗಳು ಮುಂದೆ ಬರಬೇಕಾದರೆ ವಿದೇಶಿ ನೆರವು ನಿಲ್ಲಬೇಕು, ಅವರ ಸರಕಿಗೆ ಶ್ರೀಮಂತ ದೇಶಗಳು ಮಾರುಕಟ್ಟೆ ಬಿಟ್ಟುಕೊಡಬೇಕು ಅನ್ನೋದು ನಿಮ್ಮ ವಾದ. ಈಗಿರುವ ಹಾಗೇ ಹಾಕೋಕೆ ಆಗಲ್ಲ. ನಿಮಗೆ ಬರೆಯೋಕೆ ಬರುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೆ ರೇಷ್ಮೆಯ ಊರಾದ ಶಿಡ್ಲಘಟ್ಟದಲ್ಲಿ ಕೂತು ಬರೆದವರು ಶಿಡ್ಲಘಟ್ಟವನ್ನೇ ಬಿಟ್ಟುಬಿಟ್ಟಿದ್ದೀರಿ.

ಮೊದಲು ಸಣ್ಣಪುಟ್ಟದ್ದು. ‘ಮೀನು ಕೊಡಬೇಡಿ, ಮೀನು ಹಿಡಿಯೋದು ಕಲಿಸಿ’ ಅಂತ ಶುರು ಮಾಡಿದ್ದೀರಲ್ಲ, ಅದನ್ನು ಹೊಡೆದುಹಾಕಿ. ಈ ವಿಷಯದ ಮೇಲೆ ಬರುವ ಲೇಖನಗಳೆಲ್ಲ ಅಲ್ಲಿಂದಲೇ ಶುರುವಾಗುತ್ತವೆ, ಅದೂ ನಮ್ಮ ಬಯಲುಸೀಮೆಯಲ್ಲಿ, ಕೆರೆಗೆ ನೀರು ಬಂದರೆ ಸಾಕಪ್ಪಾ ಅನ್ನೋ ಕಡೆ! ಆಮೇಲೆ ‘ಶ್ರೀಮಂತ ದೇಶಗಳು ಕೋಟಿ ಕೋಟಿ ಸುರಿಯುತ್ತಿವೆ’ ಅಂದಿದ್ದೀರಿ. ಆ ದೇಶಗಳು ತಮ್ಮ ರಾಷ್ಟ್ರೀಯ ಆದಾಯದಲ್ಲಿ ಶೇ 0.7ರಷ್ಟು ನೆರವಿಗೆ ಕೊಡಬೇಕು ಅಂತ ವಿಶ್ವಸಂಸ್ಥೆಯಲ್ಲಿ ತೀರ್ಮಾನ ಆಗಿದ್ದು 1970ರಲ್ಲಿ. ನಾರ್ವೆ, ಸ್ವೀಡನ್, ಡೆನ್ಮಾರ್ಕ್ ತರಹದ ಕೆಲವೇ ದೇಶ ಬಿಟ್ಟರೆ ಅಷ್ಟು ಕೊಟ್ಟವರು ಕಡಿಮೆ. ಸುರಿಯೋ ಮಾತೆಲ್ಲಿ ಬಂತು?

ಹತ್ತಿಯ ಪ್ಯಾರಾ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಬೆನಿನ್, ಬುರ್ಕಿನಾ ಫಾಸೊ, ಮಾಲಿ, ಚಾಡ್ ನಾಲ್ಕೂ ದೇಶ 2003ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಗಿ, ಅಮೆರಿಕದಂಥವರು ತಮ್ಮ ರೈತರಿಗೆ ಕೊಡೋ ಸಬ್ಸಿಡಿಯಿಂದ ನಮ್ಮ ಹತ್ತಿ ಬೆಲೆ ಬೀಳುತ್ತಿದೆ ಅಂತ ದೂರಿದ್ದನ್ನು ಬಿಡಿಸಿ ಹೇಳಿದ್ದೀರಿ. ಕೊರಿಯಾದ ಕಥೆ ಮಾತ್ರ ಅರ್ಧಂಬರ್ಧ. ಯುದ್ಧ ಮುಗಿದ ಮೇಲೆ 1950ರ ದಶಕ ಪೂರ್ತಿ ದಕ್ಷಿಣ ಕೊರಿಯಾ ನಿಂತಿದ್ದು ಅಮೆರಿಕದ ನೆರವಿನ ಮೇಲೆ. ರಫ್ತಿನ ಓಟ ಶುರುವಾಗಿದ್ದು 60ರ ದಶಕದಲ್ಲಿ, ಅದೂ ತನ್ನ ಮಾರುಕಟ್ಟೆಗೆ ಹೊರಗಿನ ಸರಕು ಸುಲಭವಾಗಿ ನುಗ್ಗದ ಹಾಗೆ ಬೇಲಿ ಹಾಕಿಕೊಂಡು. 2010ರ ಹೊತ್ತಿಗೆ ಅದೇ ದೇಶ ನೆರವು ಕೊಡೋ ದೇಶಗಳ ಸಾಲಿಗೆ ಸೇರಿತು. ನಿಮ್ಮ ವಾದಕ್ಕೆ ಬೇಕಾದ ಅರ್ಧ ಇಟ್ಟುಕೊಂಡು ಇನ್ನರ್ಧ ಬಿಟ್ಟರೆ ಓದುಗರು ಹಿಡಿದುಬಿಡುತ್ತಾರೆ.

ಈಗ ಮುಖ್ಯ ವಿಷಯ. ಲೇಖನದ ಜೊತೆಗಿನ ಪತ್ರದಲ್ಲಿ ‘ನಮ್ಮ ಮನೇಲಿ ರೇಷ್ಮೆ ಹುಳು ಮೇಯಿಸುತ್ತೇವೆ, ಭಾವ ರೀಲರ್ (ಗೂಡಿನಿಂದ ನೂಲು ಬಿಚ್ಚೋರು)’ ಅಂತ ಒಂದು ಸಾಲು ಇದೆ. ಅಲ್ರೀ, ಲೇಖನ ಇರೋದೇ ಅಲ್ಲಿ!

ನಿಮ್ಮ ಚಂದ್ರಿಕೆಯಲ್ಲಿ (ಹುಳು ಗೂಡು ಕಟ್ಟೋಕೆ ಬಿಡೋ ತಟ್ಟೆ) ಬಿಳಿ ಗೂಡು ಕಟ್ಟುತ್ತಲ್ಲ ಗಟ್ಟಿ ಎಳೆಯ ದ್ವಿತಳಿ (ಬೈವೋಲ್ಟೈನ್) ಹುಳು, ಅದರ ಹಿಂದೆ ಇರೋದು ವಿದೇಶಿ ನೆರವು. 1991ರಿಂದ ಸುಮಾರು ಒಂದೂವರೆ ದಶಕ ಜಪಾನಿನ ತಜ್ಞರು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಕೆಲಸ ಮಾಡಿದರು, ಸಿಎಸ್‌ಆರ್ ಅನ್ನೋ ಹೆಸರಿನ ದ್ವಿತಳಿ ಹುಳುಗಳು ರೈತರ ಮನೆಗೆ ಬಂದಿದ್ದು ಆ ಕಾಲದಲ್ಲಿ. ಅದು ಯಾಕೆ ಬೇಕಿತ್ತು? ಮಿಶ್ರತಳಿಯ ಹಳದಿ ಗೂಡಿನ ನೂಲು ಹೊಕ್ಕು ನೂಲಿಗೆ (ಅಡ್ಡ ಎಳೆಗೆ) ಸರಿ, ಪವರ್‌ಲೂಮ್‌ನಲ್ಲಿ ಹಾಸು ನೂಲಾಗಿ (ಉದ್ದ ಎಳೆಯಾಗಿ) ಹಾಕಿದರೆ ಎಳೆ ಕಡಿಯುತ್ತೆ, ಅದಕ್ಕೇ ನೇಕಾರರು ಚೀನಾ ನೂಲು ಕೇಳುತ್ತಿದ್ದರು. ಅಂದರೆ ಚೀನಾದ ಎದುರು ವ್ಯಾಪಾರದಲ್ಲಿ ನಿಲ್ಲಲಿ ಅಂತಲೇ ಆ ನೆರವು ಬಂದಿದ್ದು. (1980ರ ವಿಶ್ವಬ್ಯಾಂಕ್ ರೇಷ್ಮೆ ಯೋಜನೆಯೂ ನಮ್ಮ ರಾಜ್ಯದ್ದೇ, ಆದರೆ ಅದು ಸಾಲ. ನೀವು ಎಲ್ಲದಕ್ಕೂ ಸುಮ್ನೆ ‘ದಾನ’ ಅಂತ ಬರೆದಿದ್ದೀರಿ, ತಿದ್ದಿ.)

ಇನ್ನು ವ್ಯಾಪಾರ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಒಂದೇ ಏಟಿಗೆ ಶೇ 5ಕ್ಕೆ ಇಳಿಯಿತು. ಮಗ್ಗದವರಿಗೆ ನೂಲು ಅಗ್ಗ, ಹುಳು ಸಾಕಿದವರಿಗೆ ಗೂಡಿನ ರೇಟು ಪಾತಾಳಕ್ಕೆ. ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಿದರು. ‘ಮಾರುಕಟ್ಟೆ ತೆರೆಯಿರಿ’ ಅಂತ ನೀವು ಬರೆದಿದ್ದೀರಲ್ಲ, ಯಾರ ಮಾರುಕಟ್ಟೆ, ಯಾರಿಗೆ? ಅದನ್ನು ನಿಮ್ಮ ಅಪ್ಪನ್ನ ಕೇಳಿ. ಸುಂಕ ಇಳಿದ ವರ್ಷ ಗೂಡು ಹೊತ್ತುಕೊಂಡು ಮಾರುಕಟ್ಟೆಗೆ ಹೋದಾಗ ಹರಾಜು ಎಷ್ಟಕ್ಕೆ ನಿಂತಿತು, ಹಿಪ್ಪುನೇರಳೆ ಕಿತ್ತುಹಾಕಿದ ಅಕ್ಕಪಕ್ಕದವರು ಯಾರು, ಸೊಪ್ಪಿನ ತೋಟ ಉಳಿಸಿಕೊಂಡಿದ್ದು ಹೇಗೆ. ಭಾವನ್ನೂ ಬಿಡಬೇಡಿ. ಗೂಡು ಅಗ್ಗವಾದಾಗ ರೀಲರ್‌ಗೆ ಲಾಭ ಆಯ್ತಾ, ಇಲ್ಲ ಬಿಚ್ಚಿಟ್ಟಿದ್ದ ನೂಲಿನ ರೇಟೂ ಬಿದ್ದು ಬಂಡವಾಳವೇ ಮುಳುಗಿತಾ? ಅಪ್ಪ ಒಂದು ಹೇಳಿ ಭಾವ ಇನ್ನೊಂದು ಹೇಳಿದರೆ ಎರಡನ್ನೂ ಹಾಗೇ ಬರೆಯಿರಿ, ರಾಜಿ ಮಾಡಿಸಬೇಡಿ.

ಇದಾದ ಮೇಲೆ ನಿಮ್ಮ ಆಫ್ರಿಕಾ ಭಾಗಕ್ಕೂ ತೂಕ ಬರುತ್ತೆ. ರುವಾಂಡಾ ಬಗ್ಗೆ ಬರೆಯಿರಿ. ತನ್ನ ಗಾರ್ಮೆಂಟ್ಸ್ ಬೆಳೆಯಲಿ ಅಂತ ಅದು ಹೊರಗಿನಿಂದ ಬರೋ ಹಳೇ ಬಟ್ಟೆಗೆ ಸುಂಕ ಏರಿಸಿತು. 2018ರಲ್ಲಿ ಅಮೆರಿಕ ರುವಾಂಡಾದ ಬಟ್ಟೆಗೆ ಇದ್ದ ಸುಂಕ ವಿನಾಯಿತಿಯನ್ನೇ ತಡೆಹಿಡಿಯಿತು. ವ್ಯಾಪಾರಕ್ಕೂ ನೆರವಿನಷ್ಟೇ ಷರತ್ತು ಇರುತ್ತೆ, ಷರತ್ತು ಹಾಕೋರೂ ಹೆಚ್ಚುಕಡಿಮೆ ಅದೇ ಶ್ರೀಮಂತ ದೇಶಗಳು. ಹಾಗೇ ‘ನೆರವು ಪೂರ್ತಿ ನಿಲ್ಲಲಿ’ ಅನ್ನೋ ಸಾಲಿನ ಪಕ್ಕದಲ್ಲಿ ಏಡ್ಸ್ ಮಾತ್ರೆ ಇಟ್ಟು ನೋಡಿ. ರಫ್ತು ಬೆಳೆಯೋ ತನಕ ರೋಗಿ ಕಾಯೋಕಾಗಲ್ಲ. ಆಫ್ರಿಕಾಕ್ಕೆ ನೆರವಿನ ದುಡ್ಡಲ್ಲಿ ಹೋದ ಆ ಮಾತ್ರೆಗಳಲ್ಲಿ ದೊಡ್ಡ ಪಾಲು ನಮ್ಮ ದೇಶದ ಕಂಪನಿಗಳು ಮಾಡಿ ಮಾರಿದ್ದು. ಅದು ನೆರವೋ ವ್ಯಾಪಾರವೋ, ನೀವೇ ಹೇಳಿ.

ಕೊನೆಯ ಪ್ಯಾರಾದಲ್ಲಿ ಇದ್ದಕ್ಕಿದ್ದಂತೆ ‘ಎರಡೂ ಸಮತೋಲನದಲ್ಲಿರಬೇಕು’ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟಿದ್ದೀರಿ. ಅದನ್ನು ಪೂರ್ತಿ ತೆಗೆಯಿರಿ.

ಒಂದು ಸಾವಿರ ಪದ ದಾಟಬೇಡಿ, ಅದರಲ್ಲಿ ಅರ್ಧ ಹುಳುಮನೆ ಮತ್ತು ಗೂಡಿನ ಮಾರುಕಟ್ಟೆಗೆ. ಕೊರಿಯಾಗೆ ನಾಲ್ಕು ಸಾಲು ಸಾಕು. ಈ ಸಲ ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕಳಿಸಿ, ಹಳೇ ಫಾಂಟಲ್ಲಿ ಕಳಿಸಿದರೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗುತ್ತೆ.